ಐಕ್ಯತೆಯ ಪಾಠ ಮತ್ತು ಶೋಆ ಸ್ಮರಣೆ: ಧರ್ಮಬೋಧನೆಯ ಕುರಿತು ಒಂದು ವಿಮರ್ಶೆ

ಇಟಲಿಯ ಶಾಲೆಗಳಲ್ಲಿ ಕಥೋಲಿಕ ಧರ್ಮಬೋಧನೆಯ ಹೊಣೆ ಹೊತ್ತ ಶಿಕ್ಷಕರಿಗೆ ಜನವರಿಯ ಉತ್ತರಾರ್ಧದಲ್ಲಿ ಮೂರು ಆಚರಣೆಗಳು ಒಂದರ ಹಿಂದೊಂದು ಎದುರಾಗುತ್ತವೆ. 17ರಂದು, ಅಲ್ಲಿನ ಧರ್ಮಾಧ್ಯಕ್ಷರು 1990ರಿಂದ ನಡೆಸಿಕೊಂಡು ಬಂದಿರುವ, ಯೆಹೂದ್ಯರೊಡನೆ ಸಂವಾದದ ದಿನ. 18ರಿಂದ ಸಂತ ಪೌಲರ ಮನಪರಿವರ್ತನೆಯ ಹಬ್ಬವಾದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ಸಪ್ತಾಹ. 27ರಂದು, 1945ರಲ್ಲಿ ಆಶ್ವಿಟ್ಜ್ ಶಿಬಿರದ ಬಾಗಿಲು ತೆರೆದ ದಿನದ ನೆನಪಿಗೆ, 2000ದ ಕಾನೂನಿನಂತೆ ನಡೆಯುವ ಸ್ಮರಣ ದಿನ. ಹನ್ನೊಂದು ದಿನಗಳ ಅಂತರದಲ್ಲಿ ಮೂರು ವಿಷಯಗಳನ್ನು ಒಂದೇ ತರಗತಿಗೆ ಬೋಧಿಸಬೇಕಾದ ಶಿಕ್ಷಕರು ಅವುಗಳನ್ನು ಹೇಗೆ ಬೆಸೆಯುತ್ತಾರೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಸುಲಭದ ಬೆಸುಗೆಯೊಂದು ಕೈಗೆಟಕುವಂತಿದೆ: ದ್ವೇಷ ಕೆಟ್ಟದ್ದು, ಒಗ್ಗಟ್ಟು ಒಳ್ಳೆಯದು, ದ್ವೇಷದ ಫಲ ಆಶ್ವಿಟ್ಜ್, ಒಗ್ಗಟ್ಟಿನ ಫಲ ಐಕ್ಯತೆ. ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದರೆ ಇದು ಇತಿಹಾಸವೂ ಅಲ್ಲ, ದೈವಶಾಸ್ತ್ರವೂ ಅಲ್ಲ. 1933ರ ಜರ್ಮನಿಯಲ್ಲಿ 28 ಪ್ರಾಂತೀಯ ಪ್ರೊಟೆಸ್ಟೆಂಟ್ ಸಭೆಗಳನ್ನು ಒಂದೇ ರಾಷ್ಟ್ರಸಭೆಯಾಗಿ ಕೂಡಿಸಲು ಹೊರಟವರ ಬಾಯಲ್ಲೂ ಐಕ್ಯತೆಯ ಮಾತೇ ಇತ್ತು. ಅದೇ ವರ್ಷ ಪ್ರಷ್ಯದ ಸಿನೊಡ್ ಯೆಹೂದ್ಯ ಮೂಲದ ಬೋಧಕರನ್ನು ಹೊರಗಿಡುವ ನಿಯಮವನ್ನು ಅಂಗೀಕರಿಸಿತು. ಅದನ್ನು ಎದುರಿಸಿ 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಲೂಥರನ್, ಸುಧಾರಿತ ಹಾಗೂ ಸಂಯುಕ್ತ ಸಭೆಗಳವರು ಒಂದಾಗಿ ಮಾಡಿದ ಘೋಷಣೆ ಧೀರವಾದುದೇ. ಆದರೂ ಅದರ ಆರು ಸೂತ್ರಗಳಲ್ಲಿ ಯೆಹೂದ್ಯರ ಹೆಸರಿಲ್ಲ. ಅದರ ಮುಖ್ಯ ಕರ್ತೃ ಕಾರ್ಲ್ ಬಾರ್ಟ್ ಮುಂದೆ ಇದನ್ನು ತಮ್ಮ ಅಪರಾಧವೆಂದೇ ಒಪ್ಪಿಕೊಂಡರು. ಐಕ್ಯತೆ ತಾನಾಗಿಯೇ ನಿರ್ದೋಷಿಯಲ್ಲ. ಯಾರನ್ನು ಹೊರಗಿಟ್ಟು ಒಂದಾದೆವು ಎಂದು ಕೇಳದ ಪಾಠ ಅರ್ಧ ಪಾಠವೇ.

ಈ ಎರಡು ವಿಷಯಗಳು ನಿಜವಾಗಿ ಸಂಧಿಸಿದ ಒಂದು ಘಟನೆ ಇದೆ. ನಾಜಿ ಆಕ್ರಮಣಕ್ಕೆ ಒಳಗಾಗಿದ್ದ ನೆದರ್ಲೆಂಡ್ಸಿನಲ್ಲಿ 1942ರ ಜುಲೈ 11ರಂದು ಕಥೋಲಿಕ ಹಾಗೂ ಪ್ರೊಟೆಸ್ಟೆಂಟ್ ಸಭೆಗಳು ಜೊತೆಗೂಡಿ, ಯೆಹೂದ್ಯರ ಗಡಿಪಾರನ್ನು ವಿರೋಧಿಸಿ ಜರ್ಮನ್ ಆಡಳಿತಕ್ಕೆ ತಂತಿ ಕಳುಹಿಸಿದವು. ನೂರಾರು ವರ್ಷ ಪರಸ್ಪರ ಅಪನಂಬಿಕೆಯಲ್ಲಿ ಬಾಳಿದ ಸಭೆಗಳು ಒಂದೇ ಪತ್ರಕ್ಕೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ಕ್ರೈಸ್ತರಾದ ಯೆಹೂದ್ಯರ ಬಗ್ಗೆ ಆ ತಂತಿಯಲ್ಲಿ ವಿಶೇಷ ಮಾತೂ ಇತ್ತು. ಆಡಳಿತ ಹಿಡಿದದ್ದು ಆ ಎಳೆಯನ್ನೇ. 1941ಕ್ಕೆ ಮುಂಚೆ ದೀಕ್ಷಾಸ್ನಾನ ಪಡೆದವರನ್ನು ಮುಟ್ಟುವುದಿಲ್ಲ ಎಂಬ ಭರವಸೆ ಬಂತು. ತಂತಿಯನ್ನು ದೇವಾಲಯಗಳಲ್ಲಿ ಓದಬಾರದೆಂಬ ಒತ್ತಾಯವೂ ಬಂತು. ಅತಿ ದೊಡ್ಡ ಪ್ರೊಟೆಸ್ಟೆಂಟ್ ಸಭೆಯ ಸಿನೊಡ್ ಮಣಿಯಿತು. ಉಟ್ರೆಕ್ಟಿನ ಮಹಾಧರ್ಮಾಧ್ಯಕ್ಷ ಡೆ ಯೋಂಗ್ ಮಣಿಯಲಿಲ್ಲ. ಜುಲೈ 26ರ ಭಾನುವಾರ ಕಥೋಲಿಕ ದೇವಾಲಯಗಳಲ್ಲಿ ತಂತಿಯನ್ನು ಓದಲಾಯಿತು. ಆಗಸ್ಟ್ 2ರಂದು ಕಥೋಲಿಕರಾಗಿದ್ದ ಯೆಹೂದ್ಯರನ್ನು ಬಂಧಿಸಿದರು. ಎಖ್ಟ್ ಮಠದ ಕಾರ್ಮೆಲ್ ಸನ್ಯಾಸಿನಿ ಎಡಿತ್ ಸ್ಟೈನ್, ಅವರ ಸಹೋದರಿ ರೋಸಾ ಅವರಲ್ಲಿದ್ದರು. ಒಂದು ವಾರದೊಳಗೆ ಇಬ್ಬರನ್ನೂ ಆಶ್ವಿಟ್ಜ್‌ನಲ್ಲಿ ಕೊಂದರು.

ಈ ಕಥೆಯನ್ನು ನಮ್ಮವರು ಹೇಳುವ ರೀತಿಯ ಬಗ್ಗೆ ನಮಗೆ ಆಕ್ಷೇಪವಿದೆ. 'ನಾವು ಓದಿದೆವು, ಅವರು ಓದಲಿಲ್ಲ' ಎಂದು ಹೇಳಿದಾಗ ಶೋಆ ಎಂಬುದು ಸಭೆಗಳ ನಡುವಿನ ಅಂಕಪಟ್ಟಿಯಾಗುತ್ತದೆ. ಐಕ್ಯತಾ ಸಪ್ತಾಹ ಮುಗಿದ ಎರಡೇ ದಿನಕ್ಕೆ ಹಳೆಯ ಗೋಡೆ ಮತ್ತೆ ಏಳುತ್ತದೆ. ಕೆಲವು ಪ್ರೊಟೆಸ್ಟೆಂಟ್ ದೇವಾಲಯಗಳಲ್ಲೂ ತಂತಿಯನ್ನು ಓದಿದ್ದರೆಂಬುದನ್ನು ಇಂಥವರು ಹೇಳುವುದಿಲ್ಲ. 'ಮಾತನಾಡಿದ್ದರಿಂದಲೇ ಅವರು ಸತ್ತರು, ಆದ್ದರಿಂದ ಮೌನವೇ ವಿವೇಕ' ಎಂದು ಹೇಳುವವರೂ ಇದ್ದಾರೆ. ಕೊಂದವರು ಯಾರೆಂಬುದನ್ನು ಅದು ಮಸುಕುಗೊಳಿಸುತ್ತದೆ. ಇನ್ನು, ಸಂತೆಯ ಹೆಸರೊಂದನ್ನೇ ಹೇಳಿ ಮುಗಿಸುವ ಪಾಠದಲ್ಲಿ ಆ ದೇಶದಿಂದ ಒಯ್ದು ಕೊಂದ ಒಂದು ಲಕ್ಷಕ್ಕೂ ಹೆಚ್ಚು ಯೆಹೂದ್ಯರು ಹಿನ್ನೆಲೆಯ ಚಿತ್ರವಾಗಿ ಉಳಿಯುತ್ತಾರೆ. ಅವರಿಗೆ ದೀಕ್ಷಾಸ್ನಾನದ ದಾಖಲೆ ಇರಲಿಲ್ಲ. ಅವರ ಪರವಾಗಿ ಯಾವ ರಿಯಾಯಿತಿಯ ಮಾತೂ ಬರಲಿಲ್ಲ.

ಪದದ ವಿಷಯದಲ್ಲೂ ಒಂದು ಮಾತು. 'ಹೋಲೊಕಾಸ್ಟ್' ಎಂಬ ಗ್ರೀಕ್ ಮೂಲದ ಪದಕ್ಕೆ ನಮ್ಮ ಬೈಬಲಿನ ಭಾಷೆಯಲ್ಲಿ ದಹನಬಲಿ ಎಂದೇ ಅರ್ಥ. ಕೊಲೆಯನ್ನು ಬಲಿಯೆಂದು ಕರೆದರೆ ಅದನ್ನು ಸ್ವೀಕರಿಸಿದ ದೇವರು ಯಾರು? 'ಶೋಆ', ಅಂದರೆ ವಿನಾಶ, ಎಂಬ ಹೀಬ್ರೂ ಪದವನ್ನೇ ತರಗತಿಯಲ್ಲಿ ಬಳಸುವುದು ಲೇಸು.

ಹಾಗಾದರೆ ಬೆಸುಗೆ ಎಲ್ಲಿ? ದ್ವಿತೀಯ ವ್ಯಾಟಿಕನ್ ಮಹಾಸಭೆಯ ಇತಿಹಾಸದಲ್ಲೇ ಇದೆ. 1960ರ ಜೂನ್‌ನಲ್ಲಿ ಇತಿಹಾಸಕಾರ ಜೂಲ್ಸ್ ಇಸಾಕ್ ಜಗದ್ಗುರು 23ನೆಯ ಯೊವಾನ್ನರನ್ನು ಕಂಡು, ಕ್ರೈಸ್ತ ಬೋಧನೆಯಲ್ಲಿ ಶತಮಾನಗಳಿಂದ ಬೆಳೆದ ತಿರಸ್ಕಾರವನ್ನು ತಿದ್ದಬೇಕೆಂದು ಕೋರಿದರು. ಆ ಕೆಲಸವನ್ನು ಜಗದ್ಗುರುಗಳು ಒಪ್ಪಿಸಿದ್ದು ಕಾರ್ಡಿನಲ್ ಬೇಯ ಅವರ ನೇತೃತ್ವದ ಕ್ರೈಸ್ತ ಐಕ್ಯತಾ ಕಾರ್ಯಾಲಯಕ್ಕೆ. 1963ರಲ್ಲಿ ಯೆಹೂದ್ಯರ ಕುರಿತ ಕರಡು ಮಹಾಸಭೆಯ ಮುಂದೆ ಬಂದದ್ದು ಐಕ್ಯತೆಯ ಕರಡಿನ ನಾಲ್ಕನೆಯ ಅಧ್ಯಾಯವಾಗಿ; ಮುಂದೆ ಅದು ಬೇರೆಯಾಗಿ, 1965ರ 'ನೋಸ್ತ್ರಾ ಎತಾತೆ' ಘೋಷಣೆಯ ನಾಲ್ಕನೆಯ ಭಾಗವಾಯಿತು. ಇಂದಿಗೂ ಯೆಹೂದ್ಯರೊಡನೆಯ ಸಂಬಂಧಗಳ ಆಯೋಗ ರೋಮಿನಲ್ಲಿ ಇರುವುದು ಐಕ್ಯತೆಯ ಇಲಾಖೆಯ ಜೊತೆಗೇ, ಅಂತರಧರ್ಮೀಯ ಸಂವಾದದ ಇಲಾಖೆಯಲ್ಲಲ್ಲ. ಇಸ್ರಯೇಲಿನೊಡನೆ ಆದ ಬಿರುಕು ಧರ್ಮಸಭೆಯ ಹೊರಗಿನ ವ್ಯವಹಾರವಲ್ಲ, ಅದರ ಬೇರಿನ ವಿಷಯ ಎಂಬ ಅರಿವು ಇದರ ಹಿಂದಿದೆ. ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದ ಓಲಿವ್ ಮರವನ್ನು ಬಲ್ಲವರಿಗೆ ಇದು ಹೊಸತಲ್ಲ.

1998ರ 'ನಾವು ಸ್ಮರಿಸುತ್ತೇವೆ' ಎಂಬ ವ್ಯಾಟಿಕನ್ ದಾಖಲೆ ತರಗತಿಗೆ ಉಪಯುಕ್ತವೇ. ಆದರೆ ಎಚ್ಚರದಿಂದ ಓದಬೇಕು. ನಾಜಿಗಳ ಜನಾಂಗದ್ವೇಷವನ್ನೂ ಕ್ರೈಸ್ತರ ಯೆಹೂದ್ಯವಿರೋಧವನ್ನೂ ಅದು ಬೇರ್ಪಡಿಸುತ್ತದೆ. ತಪ್ಪನ್ನು ಧರ್ಮಸಭೆಯ ಮಕ್ಕಳ ಮೇಲೆ ಹೊರಿಸುತ್ತದೆ, ಧರ್ಮಸಭೆಯ ಮೇಲಲ್ಲ. ಮೊದಲನೆಯ ಭೇದ ಸರಿ, ಆದರೆ ಸಾಲದು: ಎರಡನೆಯದು ಹದಮಾಡಿಟ್ಟ ನೆಲದಲ್ಲೇ ಮೊದಲನೆಯದು ಬೇರೂರಿತು. ತರಗತಿಯ ಮಟ್ಟಿಗೆ ಅದಕ್ಕಿಂತ 1985ರ ಟಿಪ್ಪಣಿಗಳು ನಮಗೆ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಬೋಧನೆಯಲ್ಲಿ, ಧರ್ಮೋಪದೇಶದಲ್ಲಿ ಯೆಹೂದ್ಯರನ್ನು ಹೇಗೆ ಚಿತ್ರಿಸಬೇಕೆಂಬ ದಿನನಿತ್ಯದ ಪ್ರಶ್ನೆಯನ್ನೇ ಅವು ಕೈಗೆತ್ತಿಕೊಳ್ಳುತ್ತವೆ.

ಆ ಪ್ರಶ್ನೆ ಕನ್ನಡ ನಾಡಿಗೂ ಸೇರಿದ್ದು. ನಮ್ಮ ಧರ್ಮೋಪದೇಶ ತರಗತಿಗಳ ಬಹುಪಾಲು ಮಕ್ಕಳು ಒಬ್ಬ ಯೆಹೂದ್ಯರನ್ನೂ ಕಂಡವರಲ್ಲ. ಆದರೂ 'ಫರಿಸಾಯ' ಎಂಬುದು ಅವರಿಗೆ ಬೈಗುಳವಾಗಿ ಪರಿಚಿತ. ಅದನ್ನು ಕಲಿಸಿದ್ದು ನಮ್ಮ ಪ್ರಬೋಧನೆಗಳೇ. ಇಲ್ಲಿ ಪಾಠ ಆರಂಭಿಸಲು ಜನವರಿಗಿಂತ ಶುಭ ಶುಕ್ರವಾರ ಸೂಕ್ತ. ಅಂದಿನ ಹತ್ತು ಮಹಾಬಿನ್ನಹಗಳಲ್ಲಿ ಐದನೆಯದು ಕ್ರೈಸ್ತರ ಐಕ್ಯತೆಗಾಗಿ, ಆರನೆಯದು ಯೆಹೂದ್ಯ ಜನರಿಗಾಗಿ, ಏಳನೆಯದು ಕ್ರಿಸ್ತರನ್ನು ವಿಶ್ವಾಸಿಸದವರಿಗಾಗಿ. ಯೆಹೂದ್ಯರನ್ನು ವಿಶ್ವಾಸಘಾತುಕರೆಂಬ ಧ್ವನಿಯಲ್ಲಿ ಕರೆಯುತ್ತಿದ್ದ ಹಳೆಯ ಲತೀನ್ ವಿಶೇಷಣವನ್ನು 1959ರಲ್ಲಿ ಕೈಬಿಡಲಾಯಿತೆಂಬುದನ್ನು ಮಕ್ಕಳಿಗೆ ಹೇಳಬಹುದು. ಆರನೆಯ ಬಿನ್ನಹ ಏಳನೆಯದರೊಳಗೆ ಸೇರದೆ, ಐದನೆಯದಕ್ಕೆ ಅಂಟಿಕೊಂಡೇ ಏಕೆ ನಿಂತಿದೆ ಎಂದು ಅವರನ್ನೇ ಕೇಳಬಹುದು.