ಆನೆಯ ಬೆನ್ನೂ ರೋಮಿನ ವೃತ್ತವೂ

ನಮ್ಮ ಸೀಮೆಯ ದೇವಾಲಯಗಳನ್ನು ಕುರಿತ ಬರಹಗಳಲ್ಲಿ ಸ್ಥಳಪುರಾಣಕ್ಕೆ ಹತ್ತು ಪುಟ ಸಂದರೆ ಕಟ್ಟಡಕ್ಕೆ ಸಲ್ಲುವುದು ಒಂದೇ ಮಾತು: ‘ಗಜಪೃಷ್ಠಾಕಾರ’. ಉಪಮೆ ಸೊಗಸಾಗಿದೆ, ಆದರೆ ಅದು ವಿವರಣೆಯಲ್ಲ. ಮರವನ್ನು ಬಾಗಿಸದೆಯೇ ಆ ಬೆನ್ನು ದುಂಡಾದುದು ಹೇಗೆಂದು ನಾವು ಕೇಳುವುದೇ ಇಲ್ಲ.

ಎಡನೀರಿನಲ್ಲಿ ಕಲೆತಿರುವ ನಮಗೆ ಮಧೂರು ದೂರವಲ್ಲ. ಅಲ್ಲಿಯ ಮದನಂತೇಶ್ವರ ಸಿದ್ಧಿವಿನಾಯಕ ದೇವಾಲಯದ ಮೂರಂತಸ್ತಿನ ಮಾಡನ್ನು ಹಿಂಬದಿಯಿಂದ ನೋಡಬೇಕು. ಮುಂದೆ ಚೌಕ, ಹಿಂದೆ ಅರ್ಧವೃತ್ತ. ಇಂಥ ಮಾಡಿನ ಮುಂಭಾಗದಲ್ಲಿ ಪಕ್ಕಾಸುಗಳು ಸಮಾನಾಂತರವಾಗಿ ಇಳಿಯುತ್ತವೆ. ಹಿಂಭಾಗದಲ್ಲಿ ಅವೇ ನೇರ ಮರಗಳು ಕೊಡೆಯ ಕಡ್ಡಿಗಳಂತೆ ಒಂದು ಬಿಂದುವಿನಿಂದ ಹರಡುತ್ತವೆ. ಸಂದು ಕೂಡುವಲ್ಲಿ ಬಡಗಿಯ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ತಾಮ್ರದ ಹೊದಿಕೆ ಅದನ್ನು ಮುಚ್ಚಲಾರದು.

ಪ್ರಾಚೀನ ರೋಮಿನವರೂ ವೃತ್ತವನ್ನು ಪ್ರೀತಿಸಿದರು. ಅಗ್ನಿದೇವತೆ ವೆಸ್ಟಾಳ ದುಂಡು ಗುಡಿ ಅವರ ಹಿರಿಯರ ಹುಲ್ಲುಗುಡಿಸಲಿನ ನೆನಪೆಂದು ವಿದ್ವಾಂಸರು ಹೇಳುವುದುಂಟು. ಹೇಡ್ರಿಯನ್ ಚಕ್ರವರ್ತಿಯ ಕಾಲದ ಪ್ಯಾಂಥಿಯನ್ನಿನಲ್ಲಿ ಆ ವೃತ್ತ 43 ಮೀಟರಿಗೂ ಮಿಕ್ಕ ವ್ಯಾಸದ ಕಾಂಕ್ರೀಟು ಗುಮ್ಮಟವಾಯಿತು. ಅದರ ನೆತ್ತಿಯಲ್ಲಿ ಸುಮಾರು 9 ಮೀಟರು ಅಗಲದ ತೆರೆದ ಕಂಡಿ. ಬಿಸಿಲೂ ಮಳೆಯೂ ನೇರವಾಗಿ ಒಳಗೆ ಬೀಳುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಅಂಥ ಕಂಡಿಯನ್ನು ಯಾವ ತಂತ್ರಿಯೂ ಒಪ್ಪಲಾರರು! ನಮ್ಮ ವೃತ್ತಕ್ಕೆ ಕಡಿದಾದ ಇಳಿಜಾರೂ ಗೋಡೆ ದಾಟಿ ಚಾಚಿದ ಸೂರೂ ಬೇಕಾದುವು. ತೆಂಕಣದ ಏಟ್ಟುಮಾನೂರು, ಕವಿಯೂರುಗಳಲ್ಲಿ ಪೂರ್ಣವೃತ್ತದ ಶ್ರೀಕೋವಿಲುಗಳಿವೆ. ಅಂಥವುಗಳಲ್ಲಿ ಹಲವೆಡೆ ಹೊರಗೋಡೆ ದುಂಡಾದರೂ ಒಳಗಿನ ಗರ್ಭಗೃಹ ಚೌಕವೇ. ರೋಮಿನ ವೃತ್ತ ಜನರನ್ನು ಒಳಗೆ ಕರೆದು ಆಕಾಶ ತೋರಿಸಿತು. ನಮ್ಮದು ದೇವರನ್ನು ಕತ್ತಲೆಯಲ್ಲಿ ಕಾಪಾಡಿ ನಮ್ಮನ್ನು ಸುತ್ತು ಬರಿಸಿತು.

ಮುಜಿರಿಸ್ ಬಂದರಿಗೆ ರೋಮಿನ ವ್ಯಾಪಾರ ನಡೆದಿದ್ದರಿಂದ ವೃತ್ತವೂ ಹಡಗಿನಲ್ಲೇ ಬಂದಿತೆನ್ನುವುದು ಅವಸರದ ಮಾತು. ರಾಜಸ್ಥಾನದ ಬೈರಾಟಿನಲ್ಲಿ ಮೌರ್ಯರ ಕಾಲಕ್ಕೇ ಇಟ್ಟಿಗೆ, ಮರಗಳ ದುಂಡು ಚೈತ್ಯವಿತ್ತು. ರೋಮಿಗೆ ನಾವೇ ಕಲಿಸಿದೆವೆಂಬ ಹೆಮ್ಮೆಯೂ ಅಷ್ಟೇ ಬುಡವಿಲ್ಲದ್ದು.

ನಮ್ಮನ್ನು ಕಾಡಬೇಕಾದ ಪ್ರಶ್ನೆ ಬೇರೆ. ಗೆದ್ದಲು ಹಿಡಿದ ಮಾಡನ್ನು ಇಳಿಸಿ ಕಾಂಕ್ರೀಟು ಎರೆದಾಗಲೂ ಹೊರಗಿನ ಆಕಾರ ಆನೆಯ ಬೆನ್ನಾಗಿಯೇ ಉಳಿಯುತ್ತದೆ, ನಮ್ಮ ಬರಹಗಾರರ ಉಪಮೆಗೆ ಏನೂ ಕುಂದಿಲ್ಲ. ಪಕ್ಕಾಸಿನ ಲೆಕ್ಕ ಮಾತ್ರ ಬಡಗಿಯೊಡನೆ ಹೋಗಿಬಿಡುತ್ತದೆ. ಮುಂದಿನ ಬ್ರಹ್ಮಕಲಶದ ಸಂಚಿಕೆಯಲ್ಲಿ ದಾನಿಗಳ ಭಾವಚಿತ್ರಗಳ ನಡುವೆ, ಮಾಡು ಇಳಿಸುವ ಮೊದಲೇ ಬರೆಯಿಸಿದ ಅದರ ನಕ್ಷೆಗೂ ಬಡಗಿಯ ಹೆಸರಿಗೂ ಅರ್ಧ ಪುಟ ದೊರೆಯಲೆಂದು ಸಂಪಾದಕರಲ್ಲಿ ನಮ್ಮ ಬಿನ್ನಹ.