ಅರಳುಮರಳು: ಒಂದು ನುಡಿಯ ವಿಮರ್ಶೆ

‘ಅರವತ್ತಕ್ಕೆ ಅರಳುಮರಳು’ ಎಂಬ ನಾಣ್ಣುಡಿ ಮನೆಮನೆಗಳಲ್ಲಿ ಸಲೀಸಾಗಿ ಬಳಕೆಯಾಗುತ್ತದೆ. ಹಿರಿಯರೊಬ್ಬರು ಬೀಗದ ಕೈ ಮರೆತರೆ ವಯಸ್ಸೇ ಕಾರಣವೆಂದು ತೀರ್ಪಾಗುತ್ತದೆ. ತರುಣನ ಮರೆವಿಗಾದರೋ ಅವಸರವೆಂಬ ಹೆಸರು. ದ.ರಾ. ಬೇಂದ್ರೆಯವರು ಈ ನುಡಿಯನ್ನೇ ಮರಳಿ ಅರಳುವ ಅರ್ಥ ಹೊಮ್ಮುವಂತೆ ತಮ್ಮ ಕವನಸಂಕಲನದ ಹೆಸರಾಗಿಸಿದರು. 1958ರಲ್ಲಿ ‘ಅರಳು ಮರಳು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1896ರಲ್ಲಿ ಜನಿಸಿದ ಆ ಕವಿಯ ‘ನಾಕುತಂತಿ’ ಪ್ರಕಟವಾದದ್ದು 1964ರಲ್ಲಿ.

ಇಂತಹ ನುಡಿ ಕೇವಲ ವಿನೋದವಲ್ಲ. ಅಮೆರಿಕದ ಓಹಾಯೊ ರಾಜ್ಯದ, 50 ವರ್ಷ ದಾಟಿದ 660 ಜನರನ್ನು ಕುರಿತು ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಮ್ಮ ಮುಪ್ಪನ್ನು ಸದ್ಭಾವದಿಂದ ಕಂಡವರು, ಹೀನಭಾವದಿಂದ ಕಂಡವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಆರ್ಥಿಕ ಸ್ಥಿತಿ, ಒಂಟಿತನಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ಎಳವೆಯಿಂದ ಕೇಳಿದ ಹಳಿವು ಮುಪ್ಪಿನಲ್ಲಿ ತನ್ನನ್ನು ಕುರಿತ ನಂಬಿಕೆಯೇ ಆಗಿಬಿಡುತ್ತದೆ. ಹಿರಿಯರು ‘ಇನ್ನು ನನ್ನಿಂದಾಗದು’ ಎಂದು ನಡಿಗೆಯನ್ನೂ ಸ್ವಾಧ್ಯಾಯವನ್ನೂ ಬಿಡುತ್ತಾರೆ. ವೈದ್ಯರಿಗೆ ಹೇಳಬೇಕಾದ ನೋವನ್ನು ವಯೋಧರ್ಮವೆಂದು ನುಂಗಿಕೊಳ್ಳುತ್ತಾರೆ. ನಿಜವಾದ ಮರೆವಿನ ಕಾಯಿಲೆಯೂ ಈ ನುಡಿಯ ಮರೆಯಲ್ಲಿ ಚಿಕಿತ್ಸೆಯಿಲ್ಲದೆ ಉಳಿಯುವುದುಂಟು.

ನಮ್ಮ ಶಾಸ್ತ್ರಕಾವ್ಯಗಳೇ ಜರೆಯನ್ನು ಹಳಿದಿವೆಯಲ್ಲ ಎಂಬ ಸಮರ್ಥನೆ ಕೇಳಿಬರುತ್ತದೆ. ಅದು ಪರಿಶೀಲನೆಗೆ ನಿಲ್ಲದು. ಅನಿತ್ಯಾನುಪ್ರೇಕ್ಷೆಯು ತನ್ನ ದೇಹವನ್ನು ಕುರಿತು ತಾನೇ ಮಾಡಬೇಕಾದ ಚಿಂತನೆ. ಪರರ ನರೆಯನ್ನು ಎಣಿಸುವ ಪರವಾನಗಿಯಲ್ಲ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೌಘನು ನರೆಗೂದಲನ್ನು ಕಂಡು ವಿರಕ್ತನಾಗಿ, ರಾಜ್ಯವನ್ನು ಮಗನಿಗೆ ವಹಿಸಿ ತಪಸ್ಸಿಗೆ ತೆರಳುತ್ತಾನೆ. ಅಲ್ಲಿ ನರೆಯಿಂದ ಪಾಠ ಕಲಿತವನೂ ಅವನೇ, ನಿರ್ಧರಿಸಿದವನೂ ಅವನೇ. ಮುಪ್ಪು ಅವನ ವಿವೇಕವನ್ನು ಕಸಿಯಲಿಲ್ಲ, ಎಚ್ಚರಿಸಿತು. ಅದೇ ವೈರಾಗ್ಯದ ಮಾತನ್ನು ಮಗ ತಂದೆಗೆ, ಸೊಸೆ ಅತ್ತೆಗೆ ಉಪದೇಶಿಸಿ ಮೂಲೆಗೆ ಕೂರಿಸಿದರೆ ಅದು ವೈರಾಗ್ಯವಲ್ಲ, ಹಿಂಸೆ. ಜರೆ ಪುದ್ಗಲದ ಪರ್ಯಾಯ. ಜ್ಞಾನದರ್ಶನಗಳು ಜೀವದ ಲಕ್ಷಣ. ಈ ಭೇದವನ್ನು ಬಸದಿಯಲ್ಲಿ ಕೇಳಿ ಮನೆಯಲ್ಲಿ ಮರೆಯುವುದು ತರವಲ್ಲ.

ಹಿರಿಯರಿಗೆ ಉತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ, ಲೆಕ್ಕಪತ್ರದ ಸಭೆಗೆ ಮಾತ್ರ ಕರೆಯದಿರುವ ಆಡಳಿತ ಮಂಡಳಿಗಳೂ ಇದನ್ನು ಯೋಚಿಸಬೇಕು. ವೈಯಾವೃತ್ಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಲಾಗಿದೆ. ಕಾಲೊತ್ತಿ ಔಷಧ ಕೊಡುವಷ್ಟಕ್ಕೇ ಅದು ಮುಗಿಯದು. ಹಿರಿಯರ ಅಭಿಪ್ರಾಯವನ್ನು ಕೇಳುವುದು, ಅವರ ಮಾತು ನಿಧಾನವಾದರೆ ನಡುವೆ ಬಾಯಿ ಹಾಕದೆ ಕಾಯುವುದು, ಅವರು ಮಾಡಬಲ್ಲ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳದಿರುವುದು, ಇವೂ ಅದರಲ್ಲಿ ಸೇರಬೇಕು.