ಮಣ್ಣಿನ ಹಿಡಿತ: ಒಂದು ಪರಿಭಾಷೆ, ಒಂದು ಗಣಿತಮಾದರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಕೆಯ ತೋಟಗಳಲ್ಲಿ ಕೊಳೆರೋಗವನ್ನು ತಡೆಯುವುದಕ್ಕಾಗಿ ಮಳೆಗಾಲದ ಮೊದಲಲ್ಲಿಯೂ ನಡುವೆಯೂ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ವಾಡಿಕೆಯಾಗಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತು 1910ರಲ್ಲಿ ಪ್ರಕಟಿಸಿದ ವರದಿಯು ಇದರ ಚಿಕಿತ್ಸೆಗೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿತು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದು ಈಗ ರೂಢಿಯಲ್ಲಿರುವ ಪ್ರಮಾಣ. ಗೊನೆಯಿಂದ ತೊಳೆದುಹೋದ ತಾಮ್ರವು ನೆಲಕ್ಕೆ ಇಳಿಯುತ್ತದೆ. ತರುವಾಯ ಅದರ ಗತಿಯೇನು? 'ಮಣ್ಣು ಹೀರಿಕೊಂಡಿತು' ಎಂಬುದು ಸಾಮಾನ್ಯವಾದ ಉತ್ತರ. ಹೀರಿಕೊಂಡಿತೆಂದರೆ ಅಲ್ಲಿಗೆ ಕಥೆ ಮುಗಿಯಿತೆಂದು ಕೇಳಿದವನು ತಿಳಿಯುತ್ತಾನೆ. ಆದರೆ ಮುಗಿದಿರುವುದಿಲ್ಲ.

ಹೀರುವುದೆಂದರೆ ಬಟ್ಟೆಯು ನೀರನ್ನು ಹೀರುವಂತೆ ಒಳಕ್ಕೆ ಸೆಳೆದುಕೊಳ್ಳುವುದು. ಮಣ್ಣಿನ ಕಣವಾದರೋ ಅಯಾನುಗಳನ್ನು ತನ್ನ ಮೈಮೇಲೆ ಹಿಡಿದಿರುತ್ತದೆ. ಬೇರೊಂದು ಬಂದರೆ ಮೊದಲಿನದನ್ನು ಬಿಟ್ಟುಕೊಡುತ್ತದೆ. ಅಮೋನಿಯದ ಲವಣವನ್ನು ಮಣ್ಣಿನ ಮೂಲಕ ಹಾಯಿಸಿದರೆ ಅಮೋನಿಯವು ಅಲ್ಲಿಯೇ ನಿಂತು ಸುಣ್ಣದ ಲವಣವು ಹೊರಬರುವುದೆಂದು ಥಾಮಸ್ ವೇ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞನು 1850ರಷ್ಟು ಹಿಂದೆಯೇ ತೋರಿಸಿದನು. ಪಠ್ಯಗಳಲ್ಲಿ ಕಾಣುವ 'ಅಧಿಶೋಷಣೆ' ಎಂಬ ಪದದಲ್ಲಿ 'ಅಧಿ' ಎಂಬುದು ಮೇಲ್ಮೈಯನ್ನು ಸೂಚಿಸುವುದೇನೋ ನಿಜ. ಆದರೆ 'ಶೋಷಣೆ'ಯು ಒಣಗಿಸುವಿಕೆಯನ್ನೂ, ಈಗಿನವರ ಕಿವಿಗೆ ದಬ್ಬಾಳಿಕೆಯನ್ನೂ ನೆನಪಿಗೆ ತರುತ್ತದೆ. 'ಹಿಡಿತ' ಎಂಬ ದೇಶ್ಯಪದವು ಲೇಸಾದುದು. ಹಿಡಿದದ್ದನ್ನು ಬಿಡುವುದೂ ಉಂಟಷ್ಟೆ.

ಗಣಿತಜ್ಞರ ಮಾದರಿಯೂ ಈ ಪಕ್ಷಕ್ಕೆ ಸಾಕ್ಷಿಯಾಗುತ್ತದೆ. 1910ರಲ್ಲಿ ಗೂಯಿ, 1913ರಲ್ಲಿ ಚಾಪ್ಮನ್ ಇವರು ಆವೇಶವುಳ್ಳ ಸಪಾಟಾದ ಗೋಡೆಯೊಂದನ್ನು ಕಲ್ಪಿಸಿ ಲೆಕ್ಕ ಹಾಕಿದರು. ಮಣ್ಣಿನಲ್ಲಿ ಅಂತಹ ಗೋಡೆಯೆಲ್ಲಿ? 1988ರಲ್ಲಿ ಮ್ಯಾಡನ್ ಮತ್ತು ಗ್ಲಾಂಟ್, 1992ರಲ್ಲಿ ಗಿವನ್ ಮತ್ತು ಸ್ಟೆಲ್ ಇವರು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿ ನಿಂತ ಹಂದರವನ್ನೂ ಅದರ ರಂಧ್ರಗಳಲ್ಲಿ ಚಲಿಸುವ ದ್ರವವನ್ನೂ ಬೇರೆಬೇರೆಯಾಗಿ ಎಣಿಸಿದರು. ಒಂದೇ ಹಂದರದಲ್ಲಿ ಒಂದನ್ನೊಂದು ಅರಿಯದ ದ್ರವದ ಹಲವು ಪ್ರತಿಕೃತಿಗಳಿವೆಯೆಂದು ಭಾವಿಸಿ, ಕೊನೆಗೆ ಆ ಪ್ರತಿಕೃತಿಗಳ ಸಂಖ್ಯೆಯನ್ನು ಸೊನ್ನೆಗೆ ಇಳಿಸುವುದು ಇಲ್ಲಿಯ ಉಪಾಯ. (ಅಲಂಕಾರಿಕರೂ ಇಷ್ಟು ಧೈರ್ಯಮಾಡಿದಂತಿಲ್ಲ!) ವ್ಲಾಖಿ, ಪಿಜಿಯೊ ಮೊದಲಾದವರು 1990ರ ದಶಕದಲ್ಲಿ ಇದನ್ನು ಆವೇಶವುಳ್ಳ ಹಂದರಕ್ಕೂ ಲವಣದ್ರಾವಣಕ್ಕೂ ಅನ್ವಯಿಸಿದರು. ಅಂತಹ ಹಂದರದೊಳಗೆ ಲವಣವು ಹೊರಗಿನ ದ್ರಾವಣದಲ್ಲಿರುವುದಕ್ಕಿಂತ ಕಡಮೆಯಾಗಿಯೂ ಇರಬಹುದು. ಹೊರಕ್ಕೆ ನೂಕುವುದನ್ನು ಹೀರಿಕೆಯೆನ್ನುವುದು ಹೇಗೆ?

ಅಸ್ತವ್ಯಸ್ತತೆಯನ್ನು ದೋಷವೆಂದು ತಳ್ಳದೆ ಲೆಕ್ಕದೊಳಕ್ಕೆ ತಂದದ್ದು ಈ ಮಾದರಿಯ ನಿಜವಾದ ಗುಣ. ಆದರೂ ಮಲೆನಾಡಿನ ತೋಟಕ್ಕೆ ಇದನ್ನು ಹಾಗೆಯೇ ಒಪ್ಪಿಸುವಂತಿಲ್ಲ. ಇಲ್ಲಿ ಹಂದರದ ಆವೇಶವು ಸ್ಥಿರವೆಂದು ಭಾವಿಸಲಾಗಿದೆ. ಬಿರುಮಳೆಯಿಂದ ಸುಣ್ಣಾಂಶವು ಕೊಚ್ಚಿಹೋಗಿ ಹುಳಿಯಾದ ಕೆಂಪುಮಣ್ಣಿನಲ್ಲಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳ ಹಾಗೂ ಕೊಳೆತ ಸೊಪ್ಪಿನ ಆವೇಶವು ಹುಳಿಯ ಮಟ್ಟವನ್ನನುಸರಿಸಿ ಬದಲಾಗುತ್ತಿರುತ್ತದೆ. ಹುಳಿಯೇರಿದರೆ ತಾಮ್ರದ ಮೇಲಿನ ಹಿಡಿತವು ಸಡಿಲವಾಗುತ್ತದೆ; ಸುಣ್ಣ ಹಾಕಿದರೆ ಬಿಗಿಯಾಗುತ್ತದೆ. ಅದಲ್ಲದೆ ಕೊಳೆತ ಸೊಪ್ಪಿನೊಡನೆ ತಾಮ್ರಕ್ಕಿರುವ ಬಂಧವು ಕೇವಲ ಆವೇಶದ ಆಕರ್ಷಣೆಯಲ್ಲ, ರಾಸಾಯನಿಕವಾದದ್ದು. ಅಯಾನನ್ನು ಆವೇಶವುಳ್ಳ ಗಟ್ಟಿ ಗುಂಡೆಂದೆಣಿಸುವ ಮಾದರಿಗೆ ಅದು ಎಟುಕದು. ಹುಳಿಯನ್ನನುಸರಿಸಿ ಬದಲಾಗುವ ಆವೇಶವನ್ನು ಎಣಿಸುವ ಬೇರೆ ಮಾದರಿಗಳೂ ಉಂಟು; ಅವುಗಳಲ್ಲಿ ಸಾಮಾನ್ಯವಾಗಿ ಆ ಹಳೆಯ ಸಪಾಟು ಗೋಡೆಯೇ ಮರಳಿ ಬರುತ್ತದೆ. ತೋಟಕ್ಕೆ ಸುಣ್ಣ ಹಾಕಬೇಕೇ ಎಂದು ಕೇಳುವ ಕೊಪ್ಪದ ಬೆಳೆಗಾರನಿಗೆ ಹುಳಿಯ ಲೆಕ್ಕವಿಲ್ಲದ ಮಾದರಿಯಿಂದ ಉತ್ತರ ದೊರೆಯುವುದಿಲ್ಲ.